ಟೈಮ್‌ಔಟ್ ಬಂದರೆ ಕೀ ಬದಲಿಸಬೇಡಿ

ರಾತ್ರಿ ದೊಡ್ಡಬಳ್ಳಾಪುರದ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಸಲೀಸಾಗಿ ತೆರೆದುಕೊಂಡ ಕ್ಲೌಡ್ ಮಷೀನ್, ಬೆಳಿಗ್ಗೆ ಯಶವಂತಪುರದ ರೈಲಿನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿದರೆ ಮಿಸುಕುವುದಿಲ್ಲ. ಕೂಡಲೇ ‘ಕೀ ಕೆಟ್ಟಿದೆ’ ಎಂದು ತೀರ್ಮಾನಿಸಿ, ಇದ್ದ ಮಷೀನ್ ಅಳಿಸಿ ಹೊಸದು ಮಾಡುವ ವಿದ್ಯಾರ್ಥಿಗಳು ಬೇಕಾದಷ್ಟಿದ್ದಾರೆ. ಕೀ ಕೆಟ್ಟಿರುವುದಿಲ್ಲ.

ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳು ಕಳುವಾದ ಮೇಲೆ, 1995ರಲ್ಲಿ ತಾತು ಇಲೋನೆನ್ ಬರೆದದ್ದು, ದೂರದ ಮಷೀನ್‌ಗೆ ಕೀ ತೋರಿಸಿ ಒಳಹೋಗುವ ಈ ದಾರಿ, ಎಸ್‌ಎಸ್‌ಎಚ್. ಹೋಗಿಬರುವ ಮಾತನ್ನೆಲ್ಲ ಗೂಢಲಿಪಿಗೆ ತಿರುಗಿಸುತ್ತದೆ. ಹಿನ್ನೆಲೆ ಇಷ್ಟು ಸಾಕು.

ಅಮೆಜಾನ್‌ನ ಮುಂಬೈ ರೀಜನ್‌ನಲ್ಲಿ ಉಬುಂಟು ಮಷೀನ್ ಮಾಡಿ, ಕೀ ಫೈಲ್ ಇಳಿಸಿಕೊಂಡಿದ್ದೀರಿ ಎಂದುಕೊಳ್ಳೋಣ. ವಿಂಡೋಸ್ 10 ಅಥವಾ 11 ಇದ್ದರೆ ಪುಟ್ಟಿ ಎಂಬ ಬೇರೆ ತಂತ್ರಾಂಶ ಬೇಕಿಲ್ಲ, ಪವರ್‌ಶೆಲ್ ಸಾಕು. ಕೀ ಇರುವ ಫೋಲ್ಡರ್‌ಗೆ ಹೋಗಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಎಸ್‌ಎಸ್‌ಎಚ್ ಎಂದು ಬರೆಯಿರಿ. ಸ್ಪೇಸ್ ಬಿಟ್ಟು ಹೈಫನ್ ಮತ್ತು ಐ, ಮತ್ತೆ ಸ್ಪೇಸ್, ಕೀ ಫೈಲ್‌ನ ಹೆಸರು, ಸ್ಪೇಸ್, ಉಬುಂಟು, ಅಟ್ ಚಿಹ್ನೆ, ಅದಕ್ಕಂಟಿದಂತೆ ಮಷೀನ್‌ನ ಪಬ್ಲಿಕ್ ಐಪಿ. ಅಮೆಜಾನ್ ಕನ್ಸೋಲ್‌ನಲ್ಲಿ ಅದರ ಪಕ್ಕದಲ್ಲೇ 172.31ರಿಂದ ಶುರುವಾಗುವ ವಿಳಾಸ ಕಂಡರೆ ಅದು ಒಳಜಾಲದ್ದು, ನಿಮಗಲ್ಲ. ಮೊದಲ ಸಲ ‘ಮುಂದುವರಿಯಲೇ?’ ಎಂದು ಕೇಳಿದಾಗ ಬರೀ ವೈ ಒತ್ತಿದರೆ ಮತ್ತೆ ಕೇಳುತ್ತದೆ. ಯಸ್ ಎಂದು ಪೂರ್ತಿ ಬರೆಯಬೇಕು.

ಈಗ ಎಡವುವ ಜಾಗ. ‘ಪರ್ಮಿಷನ್ ಡಿನೈಡ್’ ಬಂದರೆ ನೀವು ಮಷೀನ್‌ವರೆಗೂ ಹೋಗಿದ್ದೀರಿ. ಯೂಸರ್ ಹೆಸರೋ ಕೀಯೋ ಹೊಂದುತ್ತಿಲ್ಲ. ‘ಕನೆಕ್ಷನ್ ಟೈಮ್ಡ್ ಔಟ್’ ಎಂದರೆ ಅಲ್ಲಿಗೆ ತಲುಪೇ ಇಲ್ಲ, ಕೀ ತೋರಿಸುವ ಸರದಿಯೂ ಬಂದಿಲ್ಲ. ಮಷೀನ್ ಓಡುತ್ತಿದೆ, ವಿಳಾಸವೂ ಸರಿಯಿದೆ ಎಂದಾದರೆ ಯಾವ ವಿಳಾಸವನ್ನು ಒಳಬಿಡಬೇಕೆಂದು ಹೇಳುವ ಸೆಕ್ಯುರಿಟಿ ಗ್ರೂಪ್ ಅನ್ನು ಕನ್ಸೋಲ್‌ನಲ್ಲಿ ತೆರೆದು ಇನ್‌ಬೌಂಡ್ ರೂಲ್ಸ್‌ನಲ್ಲಿ ಎಸ್‌ಎಸ್‌ಎಚ್ ಬಳಸುವ 22ನೇ ಪೋರ್ಟ್ ನೋಡಿ. ರಾತ್ರಿ ಮಷೀನ್ ಮಾಡುವಾಗ ‘ಮೈ ಐಪಿ’ ಆರಿಸಿದ್ದರೆ ಅಲ್ಲಿ ಬರೆದುಕೊಂಡದ್ದು ಮನೆಯ ಬ್ರಾಡ್‌ಬ್ಯಾಂಡ್ ವಿಳಾಸ. ಹಾಟ್‌ಸ್ಪಾಟ್‌ಗೆ ಬಂದೊಡನೆ ನಿಮ್ಮ ವಿಳಾಸವೇ ಬೇರೆ. ‘ಮೈ ಐಪಿ’ಯನ್ನು ಇನ್ನೊಮ್ಮೆ ಆರಿಸಿ ಸೇವ್ ಮಾಡಿ, ತೆರೆಯುತ್ತದೆ. ಮೊಬೈಲ್ ಜಾಲದಲ್ಲಿ ಒಂದೇ ವಿಳಾಸವನ್ನು ಹಲವರು ಹಂಚಿಕೊಂಡಿರುತ್ತಾರೆ, ಅದು ಬದಲಾಗುತ್ತಲೂ ಇರುತ್ತದೆ. ಹಾಗಾಗಿ ಕೆಲಸ ಮುಗಿದ ಮೇಲೆ ಆ ಸಾಲು ತೆಗೆದುಬಿಡಿ.

ಈ ರಗಳೆಯೇ ಬೇಡವೆಂದು 0.0.0.0/0 ಹಾಕಿಬಿಡಿ ಎನ್ನುವವರ ಮಾತು ಕೇಳಬೇಡಿ. ಅದು ಇಡೀ ಲೋಕಕ್ಕೆ ತೆರೆದಿಟ್ಟಂತೆ. 22ನೇ ಪೋರ್ಟ್ ತಡಕುವ ಬಾಟ್‌ಗಳಿಗೆ ರಾತ್ರಿ ಹಗಲೆಂಬುದಿಲ್ಲ. ಅದರ ಮೇಲೆ ಪಾಸ್‌ವರ್ಡ್ ಲಾಗಿನ್ನೂ ಇಟ್ಟುಕೊಂಡರೆ ದೇವರೇ ಗತಿ. ಕೀ ಫೈಲನ್ನು ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಮಹನೀಯರಿಗೂ ಇದೇ ಮಾತು.

ಕೀ ಫೈಲ್ ಎಲ್ಲರಿಗೂ ಕಾಣುತ್ತಿದೆ ಎಂದು ಎಸ್‌ಎಸ್‌ಎಚ್ ತಗಾದೆ ತೆಗೆದರೆ, ವಿಂಡೋಸ್‌ನಲ್ಲಿ ಆ ಫೈಲಿನ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್‌ಗೆ ಹೋಗಿ ಇನ್‌ಹೆರಿಟೆನ್ಸ್ ನಿಲ್ಲಿಸಿ, ನಿಮ್ಮ ಖಾತೆಯೊಂದನ್ನೇ ಉಳಿಸಿ. ರೈಲಿನಲ್ಲಿ ಸಿಗ್ನಲ್ ಹೋಗಿಬರುತ್ತಿದ್ದರೆ ಒಳಗೆ ಹೋದೊಡನೆ ಟಿಮಕ್ಸ್ ಶುರು ಮಾಡಿ, ಸಂಪರ್ಕ ಕಡಿದರೂ ಕೆಲಸ ನಿಲ್ಲದು. ಕೆಲಸ ಮುಗಿಸಿ ಎಕ್ಸಿಟ್ ಎಂದು ಬರೆದರೆ ಸಂಪರ್ಕ ಮಾತ್ರ ಮುಚ್ಚುತ್ತದೆ, ಬಿಲ್ ಓಡುತ್ತಲೇ ಇರುತ್ತದೆ. ಕನ್ಸೋಲ್‌ನಲ್ಲಿ ಸ್ಟಾಪ್ ಒತ್ತಿ. ಮತ್ತೆ ಸ್ಟಾರ್ಟ್ ಮಾಡಿದಾಗ ಪಬ್ಲಿಕ್ ಐಪಿ ಸಾಮಾನ್ಯವಾಗಿ ಬದಲಾಗಿರುತ್ತದೆ, ಹೊಸದನ್ನು ನೋಡಿಕೊಂಡು ಹಾಕಿ.