ಹೆಸರೆತ್ತದೆಯೂ ಕಾಣುವ ಜಾತಿ

ಪ್ರಶ್ನೆ: ‘ಸೈರಾಟ್’ನಲ್ಲೂ ಜಾತಿಯ ಬಗ್ಗೆ ಉದ್ದುದ್ದ ಮಾತುಗಳಿಲ್ಲ. ಆದರೂ ಅದನ್ನು ಹೊಗಳುವವರು ಹಿಂದಿಯ ‘ಧಡಕ್’ ಜಾತಿಯನ್ನು ಮರೆಮಾಚಿತು ಎಂದು ಬೈಯುತ್ತಾರೆ. ಎರಡರ ಕಥೆಯೂ ಒಂದೇ ಅಲ್ಲವೇ?
– ಒಬ್ಬ ಓದುಗರು, ಜಮಖಂಡಿ

ಉತ್ತರ: ಕಥೆಯ ಎಳೆ ಒಂದೇ, ಒಪ್ಪಿದೆ. ಆದರೆ ಹಳ್ಳಿಯಲ್ಲಿ ಯಾರೂ ತಮ್ಮ ಜಾತಿಯನ್ನು ಸಾರಿಕೊಂಡು ತಿರುಗುವುದಿಲ್ಲವಲ್ಲ. ಮನೆತನದ ಹೆಸರು, ಮನೆಯಿರುವ ಕೇರಿ, ಹೊಲ ಯಾರದು, ಯಾರ ಮುಂದೆ ಯಾರು ಕೈಕಟ್ಟಿ ನಿಲ್ಲುತ್ತಾರೆ ಎನ್ನುವುದರಲ್ಲೇ ಎಲ್ಲ ತಿಳಿದುಬಿಡುತ್ತದೆ. 2016ರ ಮರಾಠಿ ಚಿತ್ರ ‘ಸೈರಾಟ್’ಗೆ ಇದು ಚೆನ್ನಾಗಿ ಗೊತ್ತು. ನಿರ್ದೇಶಕ ನಾಗರಾಜ ಮಂಜುಳೆ ಸೊಲ್ಲಾಪುರ ಜಿಲ್ಲೆಯ ಜೇವೂರಿನವರು, ತಳಸಮುದಾಯದಿಂದ ಬಂದವರು. ನಿಮ್ಮ ಕಡೆಯವರಿಗೆ ಆ ಸೀಮೆ ದೂರದ್ದೇನಲ್ಲ.

ನಾಯಕಿ ಆರ್ಚಿ ಪಾಟೀಲರ ಮಗಳು, ನಾಯಕ ಪರ್ಶ್ಯಾ ಮೀನು ಹಿಡಿಯುವವನ ಮಗ. ದಲಿತ ಕಾವ್ಯದ ಪಾಠ ಮಾಡುತ್ತಿದ್ದ ಮೇಷ್ಟ್ರಿಗೆ ಆರ್ಚಿಯ ಸೋದರ ತರಗತಿಯಲ್ಲೇ ಕಪಾಳಕ್ಕೆ ಹೊಡೆಯುತ್ತಾನೆ. ಅಲ್ಲಿ ಯಾರೂ ಭಾಷಣ ಬಿಗಿಯುವುದಿಲ್ಲ. ಹೊಡೆದವನಿಗೆ ಏನೂ ಆಗುವುದಿಲ್ಲ, ಅಷ್ಟೆ. ಪ್ರೇಮಿಗಳು ಓಡಿಹೋದ ಮೇಲೆ ಹುಡುಗನ ಅಪ್ಪ ತನ್ನವರ ಪಂಚಾಯಿತಿಯ ಮುಂದೆ ಅವಮಾನ ಉಣ್ಣುತ್ತಾನೆ. ಮೇಲಿನವರ ಸಿಟ್ಟಿಗೆ ಕೆಳಗಿನವರು ತಮ್ಮೊಳಗೇ ದಂಡ ತೆರುವ ಈ ಸಂಗತಿಯನ್ನು ಪ್ರೇಮಕಥೆಯಲ್ಲಿ ತೋರಿಸಿದವರು ಕಡಿಮೆ.

ಆರ್ಚಿಯ ವಿಷಯಕ್ಕೂ ಬರಬೇಕು. ಬುಲೆಟ್ ಓಡಿಸುವ, ಟ್ರ್ಯಾಕ್ಟರ್ ಏರುವ ಅವಳ ಧೈರ್ಯಕ್ಕೆ ನಾವೆಲ್ಲ ಶಿಳ್ಳೆ ಹಾಕಿದೆವು. ಆ ಧೈರ್ಯದಲ್ಲಿ ಪಾಟೀಲರ ಮನೆಯ ಪಾಲೂ ಇದೆ ಎಂಬುದು ಅರ್ಥವಾಗುವುದು ಇಬ್ಬರೂ ಓಡಿಹೋಗಿ ಸೇರುವ ಹೈದರಾಬಾದಿನಲ್ಲಿ. ಅಲ್ಲಿ ಅಪ್ಪನ ಹೆಸರು ನಡೆಯುವುದಿಲ್ಲ, ಕೊಳೆಗೇರಿಯ ಕೋಣೆಯಲ್ಲಿ ಅವಳು ಮೊದಲಿನಿಂದ ಬದುಕು ಕಲಿಯಬೇಕು. ಅಕ್ಲೂಜ್‌ನ ಶಾಲಾ ಹುಡುಗಿ ರಿಂಕು ರಾಜಗುರುಗೆ ಈ ಪಾತ್ರ ರಾಷ್ಟ್ರಪ್ರಶಸ್ತಿಯ ವಿಶೇಷ ಉಲ್ಲೇಖ ತಂದಿತು. ಚಿತ್ರದಲ್ಲಿ ಕೊರತೆ ಇಲ್ಲವೆಂದಲ್ಲ. ಪರ್ಶ್ಯಾನ ಗೆಳೆಯರಾದ, ಕಾಲು ಊನವಾದ ಲಂಗಡ್ಯಾ ಮತ್ತು ಮುಸ್ಲಿಮನಾದ ಸಲ್ಯಾ ಇಬ್ಬರೂ ಜೀವಂತ ಹುಡುಗರೇ, ಕರುಣೆಯ ಬೊಂಬೆಗಳಲ್ಲ. ಆದರೂ ಕಥೆ ಅವರಿಗೆ ಗೆಳೆಯರ ಪಾಲನ್ನಷ್ಟೇ ಕೊಡುತ್ತದೆ.

2018ರ ‘ಧಡಕ್’ ಕಥೆಯನ್ನು ಉದಯಪುರಕ್ಕೆ ಒಯ್ದಿತು. ಹುಡುಗನ ಮನೆಯವರು ಹೋಟೆಲು ನಡೆಸುವವರಾದರು, ಕೆರೆ ಅರಮನೆಗಳು ತೆರೆ ತುಂಬಿದವು. ಮೇಲ್ಜಾತಿ ಎಂಬ ಮಾತು ಒಂದೆರಡು ಕಡೆ ಬಂದರೂ ಅದನ್ನು ಹೊತ್ತು ನಿಲ್ಲುವ ನೆಲ ಉಳಿಯಲಿಲ್ಲ, ಉಳಿದದ್ದು ಹುಡುಗಿಯ ಹಣವಂತ ಅಪ್ಪನ ಹಟ. ನಮ್ಮವರೂ ಹೆಮ್ಮೆಪಡುವಂತಿಲ್ಲ. 2017ರಲ್ಲಿ ಎಸ್. ನಾರಾಯಣ್ ‘ಸೈರಾಟ್’ನ ಕನ್ನಡ ರೀಮೇಕ್ ‘ಮನಸು ಮಲ್ಲಿಗೆ’ಗೆ ರಿಂಕು ಅವರನ್ನೇ ಕರೆತಂದರು, ಆದರೆ ಆರ್ಚಿಯ ಊರನ್ನು ತರಲಾಗಲಿಲ್ಲ.

2025ರ ‘ಧಡಕ್ 2’ ಬೇರೆ ದಾರಿ ಹಿಡಿಯಿತು. ಮಾರಿ ಸೆಲ್ವರಾಜ್ ಅವರ ತಮಿಳಿನ ‘ಪರಿಯೇರುಂ ಪೆರುಮಾಳ್’ ಅದಕ್ಕೆ ಆಧಾರ. ‘ಧಡಕ್ 2’ರ ನಾಯಕ ಕಾನೂನು ಓದುವ ದಲಿತ ಹುಡುಗ, ಇಲ್ಲಿ ಜಾತಿ ಅಡಗಿಕೊಳ್ಳುವುದಿಲ್ಲ. ಅದನ್ನು ನೋಡಬಹುದು. ಆದರೆ ಅದಕ್ಕೂ ಮೊದಲು ಮಂಜುಳೆಯವರ ಹಿಂದಿನ ಚಿತ್ರ ‘ಫ್ಯಾಂಡ್ರಿ’ ನೋಡಿಬಿಡಿ. ಹಂದಿ ಹಿಡಿಯುವವರ ಮನೆಯ ಹುಡುಗನೊಬ್ಬ ಮೇಲ್ಜಾತಿಯ ಸಹಪಾಠಿಯನ್ನು ಮೆಚ್ಚುವ ಕಥೆ ಅದು, ನಿಮ್ಮ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರಿಸುತ್ತದೆ.