ಕಂಪವಾತ ಇರುವವರು ವಾಹನ ನಡೆಸುವ ಬಗ್ಗೆ



ಅಡಿಕೆ ಧಾರಣೆ, ಕಾಫಿ ಗೊಬ್ಬರದ ವಿಚಾರ ಬರುವ ಈ ಪುಟದಲ್ಲಿ ರೋಗದ ಮಾತೇಕೆ ಎಂದು ಕೇಳಬಹುದು. ನಮ್ಮ ಸದಸ್ಯರಲ್ಲಿ ಅರವತ್ತು ದಾಟಿದವರು ಬಹಳ. ಅನೇಕರು ಇನ್ನೂ ಸ್ವತಃ ಜೀಪು ನಡೆಸುವವರು.

ಕಳೆದ ವರ್ಷ ನನ್ನ ಭಾವನವರು ಯಲ್ಲಾಪುರದಿಂದ ಹುಬ್ಬಳ್ಳಿಗೆ ಹೋಗಿದ್ದರು. ಬೆಳಿಗ್ಗೆ ಸುಮಾರು 70 ಕಿ.ಮೀ. ಹಾದಿಯನ್ನು ಸಲೀಸಾಗಿ ಕ್ರಮಿಸಿದರು. ಸಂಜೆ ದುರ್ಗದಬೈಲಿನ ಗದ್ದಲದಲ್ಲಿ, ತಿಂಡಿ ಗಾಡಿಗಳ ಹತ್ತಿರ, ಬ್ರೇಕಿಗೆ ಹೋಗಬೇಕಾದ ಕಾಲು ಎಕ್ಸಲರೇಟರಿನಿಂದ ಏಳಲೇ ಇಲ್ಲ. ಒಂದು ತಳ್ಳುಗಾಡಿ ಉರುಳಿತು. ಅದರ ಪಕ್ಕದಲ್ಲಿದ್ದ ಹುಡುಗ ಅದೇ ಗಳಿಗೆಯಲ್ಲಿ ಸರಿದದ್ದು ಪುಣ್ಯ. ಭಾವನವರಿಗೆ ಏಳು ವರ್ಷದಿಂದ ಕಂಪವಾತ, ಅಂದರೆ ಪಾರ್ಕಿನ್ಸನ್ ರೋಗ. “ಬೆಳಿಗ್ಗೆ ಸರಿಯಾಗೇ ಇತ್ತಲ್ಲ ಮಾರಾಯಾ” ಎಂಬುದು ಅವರ ವಾದ. ಮಾತು ಸುಳ್ಳಲ್ಲ. ಅಪಾಯವಿರುವುದೇ ಅಲ್ಲಿ.

ಈ ರೋಗಕ್ಕೆ ಕೊಡುವ ಮುಖ್ಯ ಔಷಧ ಲೆವೊಡೋಪಾ. ಮೊದಲ ಕೆಲವು ವರ್ಷ ಅದು ದಿನವಿಡೀ ಸಮನಾಗಿ ಕೆಲಸ ಮಾಡುತ್ತದೆ. ಆಮೇಲೆ ಅನೇಕರಲ್ಲಿ ಒಂದು ಗುಳಿಗೆಯ ಬಲ ಮೂರು-ನಾಲ್ಕು ಗಂಟೆಗೇ ಇಳಿಯತೊಡಗುತ್ತದೆ. ಬೇಳೆ, ಹಾಲು, ಮೊಸರು ಹೆಚ್ಚಾದ ಊಟದ ಜೊತೆ ನುಂಗಿದರೆ ಔಷಧ ಸರಿಯಾಗಿ ಹತ್ತದೆಯೂ ಹೋಗಬಹುದು. ಹೀಗಾಗಿ ಹತ್ತು ಗಂಟೆಯ ಮನುಷ್ಯ ಬೇರೆ, ನಾಲ್ಕು ಗಂಟೆಯ ಮನುಷ್ಯ ಬೇರೆ. ಗಂಟೆಗೆ 20 ಕಿ.ಮೀ. ವೇಗದಲ್ಲಿಯೂ ಜೀಪು ಎರಡು ಸೆಕೆಂಡಿನಲ್ಲಿ 11 ಮೀಟರು ಓಡುತ್ತದೆ. ದುರ್ಗದಬೈಲಿನಲ್ಲಿ ಅಷ್ಟು ಖಾಲಿ ಜಾಗ ಎಲ್ಲಿದೆ? ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎಂಬ ಗುಳಿಗೆಗಳಿಂದ ಕೆಲವರಿಗೆ ಮುನ್ಸೂಚನೆಯಿಲ್ಲದೆ ನಿದ್ದೆ ಬರುವುದೂ ಉಂಟು. ಇವನ್ನು ಸೇವಿಸುವವರು ವೈದ್ಯರನ್ನು ಕೇಳದೆ ಚಕ್ರ ಹಿಡಿಯಕೂಡದು.

(ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. ಹಾಗೆಂದು ಪುಡಿಮಾಡಿ ತಿನ್ನಬೇಡಿ, ಪ್ರಮಾಣ ತಿಳಿಯುವುದಿಲ್ಲ.)

ಪರವಾನಗಿಯ ನಮೂನೆ 1ರಲ್ಲಿ ಕಂಪವಾತದ ಹೆಸರಿಲ್ಲ. ಆದರೆ ಮೂರ್ಛೆ, ತಲೆಸುತ್ತು ಮುಂತಾದವನ್ನು ಕೇಳಿದ ಮೇಲೆ, ಸಾರ್ವಜನಿಕರಿಗೆ ಅಪಾಯ ತರಬಹುದಾದ ಬೇರೆ ರೋಗವೇನಾದರೂ ಇದೆಯೇ ಎಂಬ ಪ್ರಶ್ನೆಯೂ ಅಲ್ಲಿದೆ. 1988ರ ಮೋಟಾರು ವಾಹನ ಕಾಯಿದೆಯ 16ನೇ ಕಲಮಿನಂತೆ ರೋಗದ ಕಾರಣದಿಂದ ಪರವಾನಗಿಯನ್ನು ರದ್ದುಪಡಿಸಲೂ ಬಹುದು. ಪರವಾನಗಿ ಜೇಬಿನಲ್ಲಿದೆ ಎಂದ ಮಾತ್ರಕ್ಕೆ ಇಂದಿನ ಸಂಜೆ ಕಾಲು ಏಳುತ್ತದೆ ಎಂದಲ್ಲ.

ಒಂದು ತಿಂಗಳು ಗುಳಿಗೆಯ ವೇಳೆ, ಕೈಕಾಲು ಬಿಗಿದ ವೇಳೆ ಎರಡನ್ನೂ ಡೈರಿಯಲ್ಲಿ ಬರೆದು ನರರೋಗ ತಜ್ಞರಿಗೆ ತೋರಿಸಿ, ವಾಹನ ನಡೆಸಬಹುದೇ ಎಂದು ನೇರವಾಗಿ ಕೇಳಿ. ಅವರು ಒಪ್ಪಿದರೂ ಔಷಧ ಹಿಡಿದಿರುವ ವೇಳೆಗೆ, ಹಗಲಿನಲ್ಲಿ, ಹತ್ತಿರದ ಊರಿಗೆ ಮಾತ್ರ. ಮಡ್‌ಗಾರ್ಡಿನಲ್ಲಿ ಹೊಸ ತರಚು ಕಂಡರೆ ಮನೆಯವರು ಸುಮ್ಮನಿರಬಾರದು. ತೋಟದೊಳಗಿನ ದಾರಿಯೂ ರಸ್ತೆಯೇ. ಇಳಿಜಾರಿನಲ್ಲಿ ಆಳುಗಳು ನಡೆದಾಡುತ್ತಾರೆ.

ಭಾವನವರು ಎರಡು ತಿಂಗಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಕೀಲಿ ಈಗ ಅಕ್ಕನ ಹತ್ತಿರ ಇದೆ. ಅಡಿಕೆ ಚೀಲವನ್ನು ಪಕ್ಕದ ಮನೆಯವರ ಗಾಡಿಯಲ್ಲಿ ಕಳಿಸಿ ಅವರು ಬಸ್ಸಿನಲ್ಲಿ ಹೋಗುತ್ತಾರೆ. ಹೀಗೆ ಗಾಡಿ ಹಂಚಿಕೊಳ್ಳಲು ಇಷ್ಟವಿರುವ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಬರೆಸಬಹುದು.

— ಕಾರ್ಯದರ್ಶಿ