ಆಟ ಉಳಿಯಬೇಕಾದರೆ ಏನು ಬೇಕು?

ಮಕ್ಕಳೇ, ಗುಡಿಯ ಕಟ್ಟೆಯ ಕಲ್ಲಿನ ಮೇಲೆ ಚೌಕ, ತ್ರಿಕೋನಗಳ ಗೆರೆ ಕೊರೆದಿರುವುದನ್ನು ನೋಡಿದ್ದೀರಾ? ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯೂ ಹಂಪಿಯೂ ಒಂದೇ ವಿಜಯನಗರ ಜಿಲ್ಲೆಯಲ್ಲಿವೆ. ಹಂಪಿಯ ಮಂಟಪಗಳ ನೆಲದ ಮೇಲೆ ಇಂಥ ಆಟದ ಹಾಸುಗಳು ಇಂದಿಗೂ ಕಾಣುತ್ತವೆ. ಗೆರೆಗಳು ಉಳಿದಿವೆ. ಆದರೆ ಯಾರು ಮೊದಲು ನಡೆಸಬೇಕು, ಕಾಯಿಗಳೆಷ್ಟು ಎಂಬುದನ್ನು ಗೆರೆ ಹೇಳುವುದಿಲ್ಲ. ಆಡುವವರು ಮರೆತರೆ ಕಲ್ಲು ಮಾತ್ರ ಉಳಿಯುತ್ತದೆ.

ಕಂಪ್ಯೂಟರ್ ಆಟದಲ್ಲಿ ಇದು ತಿರುವುಮುರುವು. 2015ರಲ್ಲಿ ಬಂದ ‘ಸೂಪರ್ ಮಾರಿಯೋ ಮೇಕರ್’ ಎಂಬ ಆಟದಲ್ಲಿ ಆಟಗಾರರೇ ಹೊಸ ಹೊಸ ಲೆವೆಲ್‌ಗಳನ್ನು ಕಟ್ಟಿ, ಇಂಟರ್‌ನೆಟ್ ಮೂಲಕ ಹಂಚಿಕೊಳ್ಳುತ್ತಿದ್ದರು. 2019ರಲ್ಲಿ ಅದರ ಎರಡನೆಯ ಆವೃತ್ತಿ ಬಂತು. ಆದರೆ ಹಳೆಯ ಲೆವೆಲ್‌ಗಳನ್ನು ನೇರವಾಗಿ ಅದಕ್ಕೆ ಸಾಗಿಸಲು ಬರುತ್ತಿರಲಿಲ್ಲ. ಕೈಯಿಂದಲೇ ಮತ್ತೆ ಕಟ್ಟಬೇಕಿತ್ತು. 2021ರಲ್ಲಿ ಮೊದಲ ಆಟಕ್ಕೆ ಹೊಸ ಲೆವೆಲ್ ಸೇರಿಸುವುದು ನಿಂತಿತು. 2024ರ ಏಪ್ರಿಲ್‌ನಲ್ಲಿ ಅದರ ಇಂಟರ್‌ನೆಟ್ ಸೇವೆಯೇ ಮುಚ್ಚಿತು. ನಿಯಮ ಗೊತ್ತಿರುವ ಆಟಗಾರರಿದ್ದರು, ಹಾಸುಗಳು ಮಾತ್ರ ಕೈಗೆ ಸಿಗದಾದವು.

ಹಾಗಾದರೆ ಆಟ ಉಳಿಯಲು ಮೂರು ಬೇಕು: ಹಾಸು, ನಿಯಮ, ಆಡುವವರು. ಮೈಸೂರಿನ ಅರಸರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹೊಸ ಆಟಗಳನ್ನು ತಾವೇ ರೂಪಿಸಿದರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ‘ಕೌತುಕನಿಧಿ’ ಭಾಗದಲ್ಲಿ ಆಟಗಳ ವಿವರವಿದೆ. ಬರೆದಿಟ್ಟದ್ದರಿಂದಲೇ ನಮಗೆ ಅವು ತಿಳಿದಿವೆ.

ಮಾಡಿ ನೋಡಿ

ಈಗ ಹುಲಿ–ಕುರಿ ಆಟಕ್ಕೆ ನೀವೇ ಹಾಸು ರೂಪಿಸಿ. ಈ ಆಟದ ಹಾಸು ಊರಿಂದೂರಿಗೆ ಬೇರೆ. ಬಿಡಿಸಲು ಸುಲಭವೆಂದು ನೇಪಾಳದ ‘ಬಾಘ್‌ಚಾಲ್’ ಹಾಸನ್ನು ಆಧಾರವಾಗಿ ತೆಗೆದುಕೊಳ್ಳೋಣ.

1. ಸೀಮೆಸುಣ್ಣದಿಂದ ಐದು ಸಾಲುಗಳಲ್ಲಿ ಐದೈದು ಚುಕ್ಕಿ ಇಡಿ. ಅಡ್ಡ, ಉದ್ದ ಗೆರೆಗಳಿಂದ ಸೇರಿಸಿ. ಇದು ಮೊದಲನೆಯ ಹಾಸು.

2. ಇನ್ನೊಂದು ಹಾಸು ಬಿಡಿಸಿ. ಅದನ್ನು ನಾಲ್ಕು ಸಮ ಚೌಕಗಳಾಗಿ ಭಾಗಿಸಿ, ಪ್ರತಿಯೊಂದರಲ್ಲೂ ಮೂಲೆಯಿಂದ ಮೂಲೆಗೆ ಎರಡು ಓರೆಗೆರೆ ಎಳೆಯಿರಿ. ಇದು ಎರಡನೆಯದು.

3. ನಾಲ್ಕು ಮೂಲೆಗಳಲ್ಲಿ ನಾಲ್ಕು ಬೆಣಚುಕಲ್ಲು ಇಡಿ, ಇವು ಹುಲಿಗಳು. 20 ಹುಣಸೆ ಬೀಜಗಳು ಕುರಿಗಳು. ಕುರಿಯನ್ನು ಒಂದೊಂದಾಗಿ ಖಾಲಿ ಚುಕ್ಕಿಯ ಮೇಲೆ ಇಡಬೇಕು. ಒಂದು ಕುರಿ ಇಟ್ಟ ಮೇಲೆ ಒಂದು ಹುಲಿ ನಡೆಯಬೇಕು. ಎಲ್ಲ ಕುರಿಗಳನ್ನು ಇಟ್ಟು ಮುಗಿಯುವವರೆಗೆ ಯಾವ ಕುರಿಯೂ ನಡೆಯುವಂತಿಲ್ಲ.

4. ಕಾಯಿ ಗೆರೆಯ ಗುಂಟ ಒಂದು ಚುಕ್ಕಿ ನಡೆಯುತ್ತದೆ. ಪಕ್ಕದ ಕುರಿಯ ಆಚೆ, ಅದೇ ಗೆರೆಯಲ್ಲಿ ಖಾಲಿ ಚುಕ್ಕಿಯಿದ್ದರೆ ಹುಲಿ ಹಾರಿ ಅದನ್ನು ತಿನ್ನಬಹುದು. ಐದು ಕುರಿ ತಿಂದರೆ ಹುಲಿಗೆ ಗೆಲುವು. ಯಾವ ಹುಲಿಯೂ ಅಲುಗಾಡದಂತೆ ಕಟ್ಟಿಹಾಕಿದರೆ ಕುರಿಗೆ ಗೆಲುವು.

ಎಣಿಸಿ: ಮೊದಲ ಹಾಸಿನಲ್ಲಿ ಚುಕ್ಕಿಯಿಂದ ಚುಕ್ಕಿಗೆ 40 ದಾರಿಗಳು, ಎರಡನೆಯದರಲ್ಲಿ 56. ನಡುವಿನ ಚುಕ್ಕಿಗೆ ನಾಲ್ಕಿದ್ದ ದಾರಿ ಎಂಟಾಗುತ್ತದೆ. ಹುಲಿಗೆ ಹಾರಲು ಹೆಚ್ಚು ದಿಕ್ಕು. ಕುರಿಗೂ ಓಡಾಡಲು ಹೆಚ್ಚು ದಾರಿ. ಲಾಭ ಯಾರಿಗೆ? ಊಹಿಸಿ ಬರೆದಿಡಿ, ಆಮೇಲೆ ಆಡಿ.

ಪ್ರತಿ ಹಾಸಿನಲ್ಲೂ ಹತ್ತು ಆಟ ಆಡಿ. ಪ್ರತಿ ಆಟಕ್ಕೂ ಪಕ್ಷ ಬದಲಿಸಿ. ಇಲ್ಲದಿದ್ದರೆ ಗೆದ್ದದ್ದು ಹಾಸಿನಿಂದಲೋ ಆಟಗಾರನ ಜಾಣತನದಿಂದಲೋ ತಿಳಿಯದು. ಬೇರೆ ಜೋಡಿಗಳೂ ಆಡಿದರೆ ಫಲಿತಾಂಶ ಇನ್ನಷ್ಟು ನಂಬಬಹುದು. ಒಂದೇ ಪಕ್ಷ ಸದಾ ಗೆಲ್ಲುತ್ತಿದ್ದರೆ ಹಾಸನ್ನು ತಿದ್ದಿ. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಒಂದು ಗೆರೆ ಅಥವಾ ಒಂದು ಕಾಯಿ. ವಿಜ್ಞಾನಿಗಳು ಪ್ರಯೋಗ ಮಾಡುವುದೂ ಹೀಗೆಯೇ.

ನೆನಪಿಡಿ: ಹಂಪಿಯಂಥ ಸ್ಮಾರಕಗಳ ಕಲ್ಲಿನ ಮೇಲೆ ಏನನ್ನೂ ಗೀಚಬಾರದು, ಕೊರೆಯಬಾರದು.

ಕೊನೆಗೆ ಹಾಸಿನ ಚಿತ್ರ, ನಿಯಮ ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಒಂದು ಪ್ರತಿ ನಿಮ್ಮಲ್ಲಿರಲಿ, ಇನ್ನೊಂದು ಶಾಲೆಯ ಗ್ರಂಥಾಲಯದಲ್ಲಿರಲಿ. ಮನೆಯ ಅಜ್ಜ ಅಜ್ಜಿಯರಿಗೆ ಗೊತ್ತಿರುವ ಹಾಸುಗಳನ್ನೂ ಕೇಳಿ ಬರೆದುಕೊಳ್ಳಿ. ಆಮೇಲೆ ಆ ಹಾಳೆಯನ್ನು ಕೆಳಗಿನ ತರಗತಿಯವರ ಕೈಗೆ ಕೊಡಿ. ನೀವು ಬಾಯಿಬಿಟ್ಟು ಏನೂ ಹೇಳದೆಯೇ ಅವರು ಆಡಲು ತೊಡಗಿದರೆ, ನಿಮ್ಮ ಆಟ ಉಳಿಯುತ್ತದೆ.